ಸತ್ಯಪ್ಪನವರ ಗಾಡಿಗೆ ಮೌಲಾಸಾಬರ ದನಿ

ಸವದತ್ತಿ ನಿಲ್ದಾಣದಿಂದ ರಾಮದುರ್ಗದ ಗಾಡಿ ಹೊರಡುವಾಗ ಹೊಸ ಪ್ರಯಾಣಿಕರು ಒಮ್ಮೆ ಗಲಿಬಿಲಿಗೊಳ್ಳುತ್ತಾರೆ. ಬಾಗಿಲಲ್ಲಿ ಕಂಡಕ್ಟರ್ ನಿಂತಿದ್ದಾರೆ, ಹೆಗಲಿಗೆ ಚೀಲವಿದೆ, ಕೈಯಲ್ಲಿ ಟಿಕೆಟ್ ಯಂತ್ರವಿದೆ. ಆದರೆ ಊರಿನ ಹೆಸರು ಕೂಗುವ ದನಿ ಅವರ ಬಾಯಿಂದ ಬರುತ್ತಿಲ್ಲ. ಅದು ಗಾಡಿಯ ಮುಂದಿನಿಂದ, ಸ್ಟೇರಿಂಗ್ ಹಿಡಿದು ಕೂತವರಿಂದ ಬರುತ್ತಿದೆ.

ಕಳೆದ ಚಳಿಗಾಲದ ಒಂದು ಮುಂಜಾನೆ ಹುಬ್ಬಳ್ಳಿ ಕಡೆಯ ವ್ಯಾಪಾರಿಯೊಬ್ಬ ಬಾಗಿಲಲ್ಲಿ ನಿಂತವರನ್ನು ಕೇಳಿದ: "ರಾಮದುರ್ಗ ಎಷ್ಟೊತ್ತಿಗೆ ಮುಟ್ಟತೈತ್ರಿ?" ಕಂಡಕ್ಟರ್ ಬೆರಳು ಎತ್ತಿ ಗಂಟೆ ತೋರಿಸಿದರು, ಚೀಟಿ ಹರಿದು ಕೊಟ್ಟರು, ಮುಂದಕ್ಕೆ ಹೋದರು. ವ್ಯಾಪಾರಿಗೆ ಅವಮಾನವಾದಂತಾಯಿತು.

"ಬಾಯಾಗ ಮುತ್ತು ಇಟ್ಕೊಂಡಾರೇನು, ಉದರತಾವಂತ?" ಎಂದು ಗೊಣಗಿದ.

ಹಿಂದಿನ ಸೀಟಿನ ಹೆಂಗಸು ಅವನ ಭುಜ ತಟ್ಟಿದಳು. "ತಮ್ಮಾ, ಅವರಿಗೆ ದನಿ ಇಲ್ಲ. ಅವರ ಪಾಲಿಂದೂ ಡ್ರೈವರ್ ಸಾಹೇಬ್ರು ಒದರತಾರ. ಸುಮ್ನ ಕುಂದ್ರು."

ಕಂಡಕ್ಟರ್ ಸತ್ಯಪ್ಪ ಕುಲಗೋಡ ಬೈಲಹೊಂಗಲ ತಾಲ್ಲೂಕಿನ ಸಂಗೊಳ್ಳಿಯವರು. ಡ್ರೈವರ್ ಮೌಲಾಸಾಬ ನದಾಫ ಕಿತ್ತೂರಿನವರು. ಬೈಲಹೊಂಗಲದಿಂದ ಸವದತ್ತಿ, ಅಲ್ಲಿಂದ ರಾಮದುರ್ಗ, ಮತ್ತೆ ಅದೇ ದಾರಿಯಲ್ಲಿ ವಾಪಸು. ಈ ಒಂದು ದಾರಿಯ ಮೇಲೆ ಇಬ್ಬರೂ ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಜೊತೆಯಾಗಿ ದುಡಿದಿದ್ದಾರೆ. ಡಿಪೋದಲ್ಲಿ ಇವರದು ವಿಚಿತ್ರ ಜೋಡಿ ಎಂದೇ ಹೆಸರಾಗಿತ್ತು. ಸತ್ಯಪ್ಪನವರ ಬಾಯಿ ನಿಲ್ಲುತ್ತಿರಲಿಲ್ಲ, ಮೌಲಾಸಾಬರ ಬಾಯಿ ತೆರೆಯುತ್ತಿರಲಿಲ್ಲ.

ಸತ್ಯಪ್ಪನವರ ದನಿ ಈ ದಾರಿಯ ಮಂದಿಗೆ ಗಡಿಯಾರವಾಗಿತ್ತು. ಹೊಲದಲ್ಲಿ ಹತ್ತಿ ಬಿಡಿಸುವವರು ದೂರದಿಂದ ಅದನ್ನು ಕೇಳಿ ಊಟದ ಗಂಟು ಬಿಚ್ಚುತ್ತಿದ್ದರು. ಸತ್ಯಪ್ಪ ಊರಿನ ಹೆಸರನ್ನು ಸುಮ್ಮನೆ ಹೇಳುತ್ತಿರಲಿಲ್ಲ. ನಡುವಿನ ಅಕ್ಷರವನ್ನು ಎಳೆದು, ಕೊನೆಯದನ್ನು ಕಡಿದು, ಸಂತೆಯಲ್ಲಿ ಎತ್ತು ಮಾರುವವರ ಹಾಗೆ ಕೂಗುತ್ತಿದ್ದರು. ಗಾಡಿ ತುಂಬಿದಾಗ "ಒಳಗ ಸರೀರ್ರಿ, ಒಳಗ ಇನ್ನೊಂದು ಸವದತ್ತಿ ಹಿಡಸತೈತಿ" ಎನ್ನುತ್ತಿದ್ದರು. ಇಷ್ಟೆಲ್ಲದರ ನಡುವೆ ಮೌಲಾಸಾಬ ಬೆಳಗಿನಿಂದ ಸಂಜೆವರೆಗೆ ಆಡುವ ಮಾತು ಒಂದು ಅಂಗೈಯಲ್ಲಿ ಹಿಡಿಯುವಷ್ಟು. ಚಹದಂಗಡಿಯಲ್ಲಿ ಕೂಡ ಅವರು ಬೆರಳು ತೋರಿಸಿಯೇ ಚಹ ತರಿಸಿಕೊಳ್ಳುತ್ತಿದ್ದರು.

ರೋಗ ಬಂದದ್ದು ಮಾತಾಡುವವರಿಗೆ.

ಅದು ಬಂದ ದಾರಿಯನ್ನು ಕೇಳಿದರೆ, ಕಂಡಕ್ಟರರಲ್ಲದೆ ಬೇರೆ ಯಾರೂ ಆ ತಪ್ಪು ಮಾಡಲಾರರು ಅನ್ನಿಸುತ್ತದೆ. ದನಿ ಒಡೆಯುವುದು ಅವರ ಕಸುಬಿನಲ್ಲಿ ರೋಗವಲ್ಲ, ಬಡ್ತಿ. ಹೊಸದಾಗಿ ಸೇರಿದ ಕಂಡಕ್ಟರನ ಗಂಟಲು ಕಟ್ಟಿದರೆ ಹಿರಿಯರು "ಈಗ ನೀ ಪಕ್ಕಾ ಆದಿ ನೋಡು" ಎಂದು ಬೆನ್ನು ಚಪ್ಪರಿಸುತ್ತಾರೆ. ಹಾಗಾಗಿ ಸತ್ಯಪ್ಪನವರ ದನಿ ಗೊಗ್ಗರಾದಾಗ ಡಿಪೋದಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ, ಅವರೂ ಕೆಡಿಸಿಕೊಳ್ಳಲಿಲ್ಲ. ಕಲ್ಲುಸಕ್ಕರೆ, ಜ್ಯೇಷ್ಠಮಧು, ಬಿಸಿನೀರಿಗೆ ಉಪ್ಪು. ಮಳೆಗಾಲ ಮುಗಿದು ಚಳಿಗಾಲ ಬಂದರೂ ದನಿ ಸರಿಹೋಗಲಿಲ್ಲ. ಹೆಂಡತಿ ಚನ್ನವ್ವ ಕೇಳಿದರೆ, "ಸರ್ವಿಸಿನ ದನಿ ಇದು, ಹಿಂಗ ಇರತೈತಿ" ಎನ್ನುತ್ತಿದ್ದರು.

ಮೊದಲು ಗುರುತಿಸಿದವರು ಮೌಲಾಸಾಬ.

ಡ್ರೈವರ್ ಕಂಡಕ್ಟರನನ್ನು ನೋಡಿ ಗಾಡಿ ನಡೆಸುವುದಿಲ್ಲ, ಕೇಳಿ ನಡೆಸುತ್ತಾನೆ. "ರೈಟ್" ಎಂದರೆ ಹೊರಡಬೇಕು, "ಹೋಲ್ಡಾನ್" ಎಂದರೆ ನಿಲ್ಲಬೇಕು. ವರ್ಷಗಟ್ಟಲೆ ಬೆನ್ನ ಹಿಂದಿನಿಂದ ಬಂದ ಆ ಎರಡು ಶಬ್ದಗಳು ಮೌಲಾಸಾಬರ ಕಾಲಿಗೆ ನೇರವಾಗಿ ಹೋಗುತ್ತಿದ್ದವು. ಒಂದು ದಿನ ಸವದತ್ತಿಯಲ್ಲಿ ಗಾಡಿ ನಿಲ್ಲಿಸಿ, ಇಂಜಿನ್ ಬಂದ್ ಮಾಡಿ, ಇಳಿದು ಬಂದು ಸತ್ಯಪ್ಪನವರ ಮುಂದೆ ನಿಂತರು.

"ನಾಳೆ ಹುಬ್ಬಳ್ಳಿ ದವಾಖಾನಿಗೆ ಹೋಗೂಣು."

"ಯಾಕ, ಯಾರಿಗೆ ಏನಾಗೇತಿ?"

"ನಿಮಗ. ಮೊದಲ ನಿಮ್ಮ ಹೋಲ್ಡಾನ್ ಮುಂದಿನ ಗ್ಲಾಸಿಗೆ ಬಡದು ನನ್ನ ಕಿವಿಗೆ ಬರತಿತ್ತು. ಈಗ ಗ್ಲಾಸ್ ಮುಟ್ಟವೊಲ್ದು. ದನಿ ಒಡದದ್ದಲ್ಲ ಇದು. ನಡಕ ಏನೋ ಅಡ್ಡ ಕುಂತೈತಿ."

ಸತ್ಯಪ್ಪ ನಕ್ಕರು. "ಸಾಹೇಬ, ವರ್ಷದ ಮಾತೆಲ್ಲಾ ಇವತ್ತ ಖರ್ಚ ಮಾಡಿಬಿಟ್ಟಿ." ಆದರೂ ಹೋದರು.

ಹುಬ್ಬಳ್ಳಿಯ ವೈದ್ಯರು ಪರೀಕ್ಷೆಗಳನ್ನು ಮಾಡಿ ಹೇಳಿದ್ದು ಇಷ್ಟು: ಧ್ವನಿಪೆಟ್ಟಿಗೆಯಲ್ಲಿ ಕ್ಯಾನ್ಸರ್ ಇದೆ. ಇನ್ನೂ ಹರಡಿಲ್ಲ. ಪೆಟ್ಟಿಗೆಯನ್ನು ಪೂರ್ತಿ ತೆಗೆದರೆ ಬದುಕಬಹುದು. ಆಮೇಲೆ ಮೂಗಿನಿಂದ ಉಸಿರಾಡುವಂತಿಲ್ಲ, ಕೊರಳ ಬುಡದಲ್ಲಿ ಮಾಡುವ ತೂತಿನಿಂದಲೇ ಉಸಿರು. ದನಿ ಇರುವುದಿಲ್ಲ. ಬಾಯಿಂದ ಗಾಳಿ ಬಾರದ ಮೇಲೆ ಸೀಟಿ ಊದಲಿಕ್ಕೂ ಆಗುವುದಿಲ್ಲ.

ಸತ್ಯಪ್ಪ ಆಪರೇಷನ್ ಬೇಡ ಎಂದರು. ಸಂಗೊಳ್ಳಿಗೆ ಮರಳಿ ಕಟ್ಟೆಯ ಮೇಲೆ ಕೂತರು. ನೆಂಟರು ಬಂದು ಹೇಳಿದರು, ಬೀಗರು ಹೇಳಿದರು, ಚನ್ನವ್ವ ಅತ್ತು ಹೇಳಿದರು. ಎಲ್ಲರಿಗೂ ಒಂದೇ ಉತ್ತರ: "ದನಿ ತಗಸಿಕೊಂಡು ನಾ ಏನ್ ಮಾಡ್ಲಿ? ಡಿಪೋದಾಗ ಖುರ್ಚಿ ಹಾಕಿ ಕುಂದರಸ್ತಾರ, ಬಂದು ಹೋಗೂ ಗಾಡಿ ನೋಡಕೋತ ಕುಂದರಬೇಕು. ಅದರಕಿಂತ ಇದ ಚಲೋ." ಗಾಡಿ ಹತ್ತದ ಬದುಕು ಅವರಿಗೆ ಬೇಡವಾಗಿತ್ತು.

ವಾರದ ರಜೆಯ ದಿನ ಮೌಲಾಸಾಬ ಮೋಟರ್ ಸೈಕಲ್ ಹತ್ತಿ ಸಂಗೊಳ್ಳಿಗೆ ಬಂದರು. ಚನ್ನವ್ವ ಕೊಟ್ಟ ಚಹ ಕುಡಿದರು, ಇನ್ನೊಂದು ಕಪ್ಪು ಕೊಟ್ಟರೆ ಅದನ್ನೂ ಕುಡಿದರು. ಬಹಳ ಹೊತ್ತು ಸುಮ್ಮನೆ ಕೂತಿದ್ದರು ಎಂದು ಚನ್ನವ್ವ ನೆನೆಸಿಕೊಳ್ಳುತ್ತಾರೆ. "ನಾ ತಿಳಕೊಂಡೆ, ಇವರೂ ಹೇಳಾಕ ಬಂದಾರ, ಹೇಳಲಾರದ ಹೊಂಟಾರ ಅಂತ." ಎದ್ದು ಚಪ್ಪಲಿ ಮೆಟ್ಟಿಕೊಂಡ ಮೇಲೆ ಮೌಲಾಸಾಬ ಹೇಳಿದರು:

"ಸತ್ಯಣ್ಣ, ಇಷ್ಟ ದಿನ ನಿಮ್ಮ ದನಿ ಕೇಳಿ ಗಾಡಿ ಹೊಡದೇನಿ. ಇನ್ನ ಮ್ಯಾಲ ಕಂಬಿ ಬಡೀರಿ, ಅದನ್ನ ಕೇಳಿ ಹೊಡಿತೇನಿ. ಒದರೂದು ಐತಲ್ಲ, ಅದನ್ನ ನಾ ಒದರತೇನಿ."

"ನೀನು?" ಎಂದರು ಸತ್ಯಪ್ಪ. ಕ್ಯಾನ್ಸರ್ ಎಂದು ತಿಳಿದ ಮೇಲೆ ಅವರು ಮೊದಲ ಸಲ ಹೊಟ್ಟೆ ತುಂಬ ನಕ್ಕದ್ದು ಆಗಲೇ. ನಗು ಕೆಮ್ಮಾಗಿ, ಕೆಮ್ಮು ನಿಂತ ಮೇಲೆ ಚನ್ನವ್ವನಿಗೆ ಚೀಲ ಕಟ್ಟಲು ಹೇಳಿದರು.

ಆಪರೇಷನ್, ಅದಾದ ಮೇಲೆ ವಾರಗಟ್ಟಲೆ ಕಿರಣ ಚಿಕಿತ್ಸೆ. ಆ ದಿನಗಳಲ್ಲಿ ಮೌಲಾಸಾಬ ಹುಬ್ಬಳ್ಳಿಗೆ ಎಷ್ಟು ಸಲ ಹೋದರು ಎಂಬ ಲೆಕ್ಕ ಯಾರಲ್ಲೂ ಇಲ್ಲ. ಹೇಗೆ ಹೋದರು ಎಂಬುದು ಮಾತ್ರ ಇಡೀ ಡಿಪೋಗೆ ಗೊತ್ತು. ಈ ಭಾಗದಲ್ಲಿ ವಸ್ತಿ ಗಾಡಿ ಎಂಬ ಪದ್ಧತಿ ಇದೆ. ಸಂಜೆ ಹಳ್ಳಿಗೆ ಹೋದ ಬಸ್ಸು ಅಲ್ಲಿಯೇ ತಂಗಿ, ಬೆಳಗಿನ ಮೊದಲ ಟ್ರಿಪ್ಪನ್ನು ಅಲ್ಲಿಂದಲೇ ತೆಗೆಯುತ್ತದೆ. ಡ್ರೈವರ್, ಕಂಡಕ್ಟರ್ ಇಬ್ಬರೂ ಸೊಳ್ಳೆ ಕಡಿಸಿಕೊಂಡು ಸೀಟಿನ ಮೇಲೆಯೇ ಮಲಗಬೇಕು. ಯಾರಿಗೂ ಬೇಡದ ಕೆಲಸ ಅದು. ಮೌಲಾಸಾಬ ಡಿಪೋದ ಗೆಳೆಯರ ಮುಂದೆ ಒಂದು ಕರಾರು ಇಟ್ಟರು: "ನಿಮ್ಮ ವಸ್ತಿ ನನಗ ಕೊಡ್ರಿ, ನಿಮ್ಮ ಸುಟ್ಟಿ ನನಗ ಕೊಡ್ರಿ." ಸಿಕ್ಕ ರಜೆಗಳನ್ನೆಲ್ಲ ಹುಬ್ಬಳ್ಳಿಗೆ ಇಟ್ಟುಕೊಂಡರು.

ಹಾಗೆ ಅವರಿಗೆ ಹೆಚ್ಚು ಬಿದ್ದದ್ದು ರಾಮದುರ್ಗ ತಾಲ್ಲೂಕಿನ ಸಾಲಹಳ್ಳಿಯ ವಸ್ತಿ. ಮೊದಮೊದಲು ಅಲ್ಲಿಯವರು ತಮಾಷೆ ಮಾಡಿದರು. "ಏನ್ರಿ ಡ್ರೈವರ್ ಸಾಹೇಬ್ರ, ನಿಮ್ಮನ್ನ ಸಾಲಹಳ್ಳಿಗೆ ದತ್ತಕ ಕೊಟ್ಟಾರೇನು?" ಮೌಲಾಸಾಬ ತಲೆ ತಗ್ಗಿಸಿ ನಕ್ಕು ಸೀಟಿನ ಮೇಲೆ ಹಾಸಿಗೆ ಬಿಚ್ಚುತ್ತಿದ್ದರು. ಕಾರಣ ಊರಿಗೆ ತಿಳಿದದ್ದು ಜೊತೆಗಿದ್ದ ಕಂಡಕ್ಟರನಿಂದ. ಅಂದಿನಿಂದ ಬಸ್ಸು ನಿಲ್ಲುವ ಕಡೆ ಯಾರಾದರೂ ಒಬ್ಬರು ರೊಟ್ಟಿ, ಝುಣಕದ ಗಂಟು ತಂದು ಸೀಟಿನ ಮೇಲೆ ಇಟ್ಟು, ಏನೂ ಕೇಳದೆ ಹೋಗುತ್ತಿದ್ದರು. ಬೆಳಗಿನ ಗಾಡಿಯನ್ನು ಬೈಲಹೊಂಗಲಕ್ಕೆ ಮುಟ್ಟಿಸಿ, ಡಿಪೋದ ನಳದ ಕೆಳಗೆ ಮುಖ ತೊಳೆದು, ಮೌಲಾಸಾಬ ಹುಬ್ಬಳ್ಳಿಯ ಬಸ್ಸು ಹತ್ತುತ್ತಿದ್ದರು.

ಆಸ್ಪತ್ರೆಯಲ್ಲಿ ಕೊರಳಿನ ನಳಿಕೆಯನ್ನು ದಿನವೂ ತೆಗೆದು, ತೊಳೆದು, ಮತ್ತೆ ಕೂಡಿಸುವುದನ್ನು ಮನೆಯವರಿಗೆ ಕಲಿಸುತ್ತಾರೆ. ಚನ್ನವ್ವ ನಳಿಕೆ ಮುಟ್ಟಲು ಹೆದರಿ ಹಿಂದೆ ಸರಿದರು. ಪಕ್ಕದಲ್ಲಿ ನಿಂತಿದ್ದ ಮೌಲಾಸಾಬ ಅಂಗಿಯ ತೋಳು ಮಡಚಿದರು.

"ನನಗ ತೋರಸ್ರಿ ಸಿಸ್ಟರ. ಏರ್ ಫಿಲ್ಟರ್ ಸ್ವಚ್ಛ ಮಾಡಿ ರೂಢಿ ಐತಿ."

"ಇದು ಬಸ್ಸಲ್ಲರಿ," ಎಂದರು ನರ್ಸ್.

"ಹೌದ್ರಿ. ಬಸ್ಸಿಗೆ ನಾ ಇಷ್ಟು ಹೆದರೂದಿಲ್ಲ."

ಅವರನ್ನು ನೋಡಿ ಚನ್ನವ್ವನೂ ಕಲಿತರು. ಮಾತಿನ ವಿಷಯವೇ ಇನ್ನೊಂದು ಬೆರಗು. ಕೊರಳಿಗೆ ಒತ್ತಿ ಹಿಡಿದರೆ ಗುಂಯ್ ಎಂದು ಮಾತಾಗುವ ಯಂತ್ರವೊಂದಿದೆ. ಆಸ್ಪತ್ರೆಯಲ್ಲಿ ಅದನ್ನು ಪ್ರಯತ್ನಿಸಿದರು. ಕಿರಣ ಚಿಕಿತ್ಸೆಯಿಂದ ಬಿಗಿದುಕೊಂಡಿದ್ದ ಕೊರಳಿನ ಮೇಲೆ ಅದು ಸರಿಯಾಗಿ ನಡೆಯಲಿಲ್ಲ. ಸತ್ಯಪ್ಪ ದನಿಯಿಲ್ಲದೆ ತುಟಿ ಮಾತ್ರ ಆಡಿಸತೊಡಗಿದರು. ಚನ್ನವ್ವನಿಗೆ ಅರ್ಧ ತಿಳಿಯುತ್ತಿತ್ತು, ವೈದ್ಯರಿಗೆ ಏನೂ ತಿಳಿಯುತ್ತಿರಲಿಲ್ಲ. ಮೌಲಾಸಾಬ ಮಾತ್ರ ಮೊದಲ ದಿನದಿಂದಲೇ ತಡವರಿಸದೆ ಓದಿ ಹೇಳಿದರು. ಡ್ರೈವರನ ತಲೆಯ ಮೇಲಿನ ಕನ್ನಡಿಯಲ್ಲಿ ಹಿಂದಿನ ಗಾಡಿ ಪೂರ್ತಿ ಕಾಣುತ್ತದೆ. ಅದರಲ್ಲಿ ಅವರು ವರ್ಷಗಳ ಕಾಲ ಆ ತುಟಿಗಳನ್ನೂ, ಕಿವಿಯಲ್ಲಿ ಆ ದನಿಯನ್ನೂ ಒಟ್ಟಿಗೆ ಕಂಡು ಕೇಳಿದ್ದರು. ಈಗ ದನಿ ಹೋಗಿತ್ತು, ತುಟಿ ಉಳಿದಿತ್ತು. ಉಳಿದದ್ದನ್ನು ನೋಡಿ ಹೋದದ್ದನ್ನು ಅವರು ಕೇಳಿಸಿಕೊಳ್ಳುತ್ತಿದ್ದರು.

ಜೀವ ಉಳಿಯಿತು. ಉಳಿದ ಪ್ರಶ್ನೆ ಗಾಡಿಯದು. ಮತ್ತೆ ಕಂಡಕ್ಟರ್ ಆಗಬಹುದೇ, ಅಥವಾ ಸತ್ಯಪ್ಪ ಹೆದರಿದ ಆ ಡಿಪೋದ ಖುರ್ಚಿಯೇ?

ಇಬ್ಬರೂ ಡಿಪೋ ಮ್ಯಾನೇಜರರ ಮುಂದೆ ನಿಂತರು. ಮ್ಯಾನೇಜರ್ ಕೆಟ್ಟವರಲ್ಲ, ಆದರೆ ನಿಯಮ ಬಲ್ಲವರು. ಪ್ರತಿ ಬಸ್ಸಿನಲ್ಲೂ ಡ್ರೈವರ್ ಜೊತೆ ಮಾತಾಡಬಾರದು ಎಂಬ ಫಲಕವಿದೆ. ಅಂಥದ್ದರಲ್ಲಿ ಡ್ರೈವರೇ ಊರು ಕೂಗುವುದು ಹೇಗೆ ಎಂದು ಕೇಳಿದರು. ಸತ್ಯಪ್ಪನವರ ತುಟಿ ಆಡಿತು. ಮೌಲಾಸಾಬ ಓದಿ ಹೇಳಿದರು:

"ಮಂದಿ ಡ್ರೈವರ್ ಜೋಡಿ ಮಾತಾಡಬಾರದು ಅಂತ ಬರದೈತಿ, ಡ್ರೈವರ್ ಮಂದಿ ಜೋಡಿ ಮಾತಾಡಬಾರದು ಅಂತ ಎಲ್ಲಿ ಬರದೈತಿ, ಅಂತ ಕೇಳಾಕತ್ತಾರ್ರಿ."

"ಇದು ಅವರು ಅಂದದ್ದೋ, ನೀವ ಕೂಡಿಸಿದ್ದೋ?"

"ನನಗ ಇಷ್ಟು ಬುದ್ಧಿ ಇಲ್ರಿ ಸಾಹೇಬ್ರ."

ಮ್ಯಾನೇಜರ್ ಒಂದು ತಿಂಗಳ ಪರೀಕ್ಷೆಗೆ ಒಪ್ಪಿದರು. ಷರತ್ತು ಒಂದೇ: ಚಕ್ರ ತಿರುಗುವಾಗ ಡ್ರೈವರ್ ಬಾಯಿ ತೆರೆಯುವಂತಿಲ್ಲ. ಅದಕ್ಕೆ ಅವರಿಬ್ಬರೂ ಹೊಸ ಕ್ರಮ ಕಟ್ಟಿಕೊಂಡರು. ಗಾಡಿ ಒಂದು ಕಡೆ ನಿಂತಾಗಲೇ ಮೌಲಾಸಾಬ ತಿರುಗಿ, ಮುಂದಿನ ನಿಲ್ದಾಣದ ಹೆಸರು ಕೂಗಬೇಕು. ಇಳಿಯುವವರು ಒಂದು ನಿಲ್ದಾಣ ಮೊದಲೇ ಎದ್ದು ಬಾಗಿಲಿಗೆ ಬರುತ್ತಾರೆ. ಸತ್ಯಪ್ಪ ಬೆರಳಿನ ಉಂಗುರದಿಂದ ಮೇಲಿನ ಕಂಬಿಗೆ ಬಡಿದು ಹೊರಡಲು, ನಿಲ್ಲಲು ಹೇಳುತ್ತಾರೆ. ಕೊರಳಿನ ತೂತಿಗೆ ಧೂಳು ಹೋಗಬಾರದು. ಅದಕ್ಕೆ ಮೌಲಾಸಾಬರ ಹೆಂಡತಿ ಹಾಜಿರಾಬಿ ಕಿತ್ತೂರಿನಿಂದ ತೆಳುವಾದ ಬಿಳಿ ಮಲ್ಮಲ್ ಪಟ್ಟಿಗಳನ್ನು ಹೊಲಿದು ಕಳಿಸಿದರು. ಮುಂದೆ ಕಬ್ಬಿನ ಟ್ರ್ಯಾಕ್ಟರ್ ಧೂಳೆಬ್ಬಿಸುತ್ತಾ ಹೋಗುತ್ತಿದ್ದರೆ ಮೌಲಾಸಾಬ ಗಾಡಿಯನ್ನು ನಿಧಾನ ಮಾಡಿ ಹಿಂದೆ ಉಳಿಯುತ್ತಿದ್ದರು. "ಎತ್ತಿನ ಗಾಡಿ ಮಾಡಿಬಿಟ್ರಿ ಇದನ್ನ" ಎಂದು ಮಂದಿ ಬೈದರೂ ಅವರು ತಿರುಗಿ ನೋಡುತ್ತಿರಲಿಲ್ಲ.

ಇಷ್ಟೆಲ್ಲ ಯೋಚಿಸಿದವರು ಒಂದನ್ನು ಯೋಚಿಸಿರಲಿಲ್ಲ.

ಈ ದಾರಿಯ ಸಣ್ಣ ನಿಲ್ದಾಣಗಳಿಗೆ ಫಲಕಗಳಿಲ್ಲ. ಶೆಟ್ಟರ ಮಡ್ಡಿ, ದೇಸಾಯಿ ಬಾವಿ, ಹಳೇ ಜಿನ್ನು: ಇವೆಲ್ಲ ಕಂಡಕ್ಟರರ ಬಾಯಲ್ಲಿ ಬದುಕಿರುವ ಹೆಸರುಗಳು. ಡ್ರೈವರಿಗೆ ಬೇರೆಯದೇ ಭೂಗೋಳ. ಅವನಿಗೆ ನಿಲ್ದಾಣವೆಂದರೆ ಒಂದು ತೆಗ್ಗು, ಒಂದು ಏರು, ಗೇರು ಬದಲಿಸುವ ಒಂದು ತಿರುವು. ಮೊದಲ ದಿನ ಮೌಲಾಸಾಬ ಧೈರ್ಯ ಮಾಡಿ ತಿರುಗಿ, ತಮಗೆ ತಿಳಿದ ಹೆಸರುಗಳನ್ನೇ ಹೇಳಿದರು.

"ಮುಂದ... ಎಡಗಡೆ ತೆಗ್ಗು."

ಗಾಡಿಯಲ್ಲಿ ಯಾರೂ ಏಳಲಿಲ್ಲ.

"ಮುಂದ ನಾಯಿ ಬೆನ್ನ ಹತ್ತೂ ಜಾಗಾ."

ಹಿಂದಿನ ಸೀಟಿನ ಹುಡುಗಿಯರು ನಕ್ಕು ಸೀಟಿನಿಂದ ಜಾರಿದರು. ಸತ್ಯಪ್ಪ ತಲೆಗೆ ಕೈ ಹೊತ್ತು ನಿಂತರು. ಆದರೆ ಶೆಟ್ಟರ ಮಡ್ಡಿಗೆ ಮಗಳ ಮನೆಗೆ ಹೊರಟಿದ್ದ ಕೆಂಚವ್ವ ಎಂಬ ಹೆಂಗಸಿಗೆ ಅದು ನಗುವ ಮಾತಾಗಲಿಲ್ಲ. "ಮುಂದ ಸೆಕೆಂಡ್ ಗೇರ್ ಏರು" ಎಂದದ್ದರಲ್ಲಿ ಆಕೆಗೆ ತಿಳಿದದ್ದು ಏರು ಒಂದೇ. ಮಡ್ಡಿಯೂ ಏರೇ ಅಲ್ಲವೇ. ಇಳಿದರು. ಗಾಡಿ ಹೋದ ಮೇಲೆ ನೋಡಿದರೆ ಮಡ್ಡಿ ಇನ್ನೂ ಮುಂದಿದೆ. ತಲೆಯ ಮೇಲೆ ಬುಟ್ಟಿ ಹೊತ್ತು ಬಿಸಿಲಲ್ಲಿ ನಡೆದರು. ಮರುದಿನ ಸವದತ್ತಿ ನಿಲ್ದಾಣಕ್ಕೆ ಬಂದು ಅಲ್ಲಿದ್ದ ಅಧಿಕಾರಿಯ ಮುಂದೆ ಎಲ್ಲರಿಗೂ ಕೇಳುವಂತೆ ಹೇಳಿದರು: "ಒಬ್ಬಾಂವಗ ಬಾಯಿ ಇಲ್ಲ, ಇನ್ನೊಬ್ಬಾಂವಗ ಬಾಯಿದ್ದೂ ಊರ ಗೊತ್ತಿಲ್ಲ. ಇಂಥಾವರ ಕೈಯಾಗ ನಮ್ಮನ್ನ ಕೊಡತೀರೇನು?"

ಮಾತು ಡಿಪೋಗೆ ಮುಟ್ಟಿತು. ಇನ್ನೊಂದು ದೂರು ಬಂದರೆ ಪರೀಕ್ಷೆ ಅಲ್ಲಿಗೇ ಮುಗಿಯಿತು ಎಂದು ಮ್ಯಾನೇಜರ್ ತಿಳಿಸಿದರು.

ಮರುದಿನದಿಂದ ರಾಮದುರ್ಗ ನಿಲ್ದಾಣದಲ್ಲಿ ಊಟದ ಬಿಡುವಿನ ಹೊತ್ತಿಗೆ ಪಾಠ ಶುರುವಾಯಿತು. ಬಸ್ಸಿನ ಮೆಟ್ಟಿಲ ಮೇಲೆ ಇಬ್ಬರೂ ಎದುರುಬದುರು ಕೂರುತ್ತಿದ್ದರು, ನಡುವೆ ರೊಟ್ಟಿಯ ಡಬ್ಬಿ. ಸತ್ಯಪ್ಪ ದನಿಯಿಲ್ಲದೆ ತುಟಿ ಆಡಿಸುತ್ತಾರೆ. ಮೌಲಾಸಾಬ ಅದನ್ನು ದನಿ ಕೂಡಿಸಿ ಹೇಳುತ್ತಾರೆ. ಹೆಸರುಗಳು ಬೇಗ ಬಂದವು. ದನಿ ಬರಲಿಲ್ಲ. ಜೀವಮಾನವಿಡೀ ಮೆಲ್ಲಗೆ ಮಾತಾಡಿದ ಮನುಷ್ಯನ ಕೂಗು ಎದುರಿನ ಚಹದಂಗಡಿಗೂ ಮುಟ್ಟುತ್ತಿರಲಿಲ್ಲ. ಸತ್ಯಪ್ಪ ಮುಷ್ಟಿ ಮಾಡಿ ಅವರ ಹೊಟ್ಟೆಗೆ ಒತ್ತಿ ಹಿಡಿದರು: ಇಲ್ಲಿಂದ. ಮತ್ತೆ. ಇಲ್ಲಿಂದ.

ಅಂಗಡಿಯ ಜಟ್ಟೆಪ್ಪ ಚಹ ಸೋಸುತ್ತಾ ಕೇಳಿದ: "ಸತ್ಯಪ್ಪಣ್ಣ, ಡ್ರೈವರಿಗೆ ಹೆರಗಿ ಮಾಡಸಾಕತ್ತೀರೇನು?"

"ನೀ ಚಾ ಮಾಡಪ್ಪಾ," ಎಂದರು ಮೌಲಾಸಾಬ. ಹೊಟ್ಟೆಯ ಮೇಲಿನ ಮುಷ್ಟಿಯಿಂದಲೋ, ಸಿಟ್ಟಿನಿಂದಲೋ, ಆ ಮಾತು ನಿಲ್ದಾಣದ ಆಚೆ ತುದಿಗೂ ಕೇಳಿತು. ಸತ್ಯಪ್ಪ ಚಪ್ಪಾಳೆ ತಟ್ಟಿದರು.

ಆಮೇಲೆ ನಡೆದದ್ದನ್ನು ಅಂದು ಗಾಡಿಯಲ್ಲಿದ್ದವರು ಈಗಲೂ ದನಿ ತಗ್ಗಿಸಿ ಹೇಳುತ್ತಾರೆ. ಹುಣ್ಣಿಮೆಯ ಹಿಂದಿನ ದಿನ. ಸವದತ್ತಿಯ ಗುಡ್ಡದ ದೇವಿಯ ದರ್ಶನಕ್ಕೆ ಹೊರಟ ಮಂದಿಯಿಂದ ಗಾಡಿ ಕಿಕ್ಕಿರಿದಿತ್ತು. ಹಳೇ ಜಿನ್ನಿನ ಹತ್ತಿರ ನಿಂತಾಗ ಮೌಲಾಸಾಬ ತಿರುಗಿ, ಉಸಿರು ತುಂಬಿಕೊಂಡು, ಮುಂದಿನ ಹೆಸರು ಕೂಗಿದರು. "ದೇಸಾಯೀಈ ಬಾವ್!" ನಡುವಿನ ಅಕ್ಷರ ಎಳೆದು, ಕೊನೆಯದನ್ನು ಕಡಿದು. ಯಾರೂ ಕಲಿಸದ ರಾಗ ಅದು. ದನಿಯಿಲ್ಲದವರು ತುಟಿಯಿಂದ ಹೆಸರು ಕಲಿಸಬಹುದು, ರಾಗ ಕಲಿಸಲಾರರು. ಅದು ಅಷ್ಟು ವರ್ಷ ಮೌಲಾಸಾಬರ ಕಿವಿಯೊಳಗೇ ಇತ್ತು, ದಾರಿ ಸಿಕ್ಕೊಡನೆ ಹಾಗೆಯೇ ಹೊರಬಂತು. ಕಿಟಕಿಗೆ ಒರಗಿ ನಿದ್ದೆ ಹೋಗಿದ್ದ ಹಳಬನೊಬ್ಬ ದಡಬಡಿಸಿ ಎದ್ದು, "ಸತ್ಯಪ್ಪಗ ದನಿ ಬಂತೇನ್ರೋ?" ಎಂದ. ಸತ್ಯಪ್ಪ ಬಾಗಿಲ ಕಡೆ ಮುಖ ಮಾಡಿ ನಿಂತಿದ್ದರು. ಇಳಿಯುವವರು ಅವರ ಮುಖ ನೋಡದ ಹಾಗೆ ಪಕ್ಕಕ್ಕೆ ಸರಿದು ಇಳಿದರು.

ಸತ್ಯಪ್ಪನವರಿಗೆ ಆ ಕ್ಷಣ ಏನನ್ನಿಸಿತು ಎಂದು ಸಂಗೊಳ್ಳಿಯ ಮನೆಯಲ್ಲಿ ಕೇಳಿದಾಗ ಅವರು ಬಹಳ ಹೊತ್ತು ತುಟಿ ಆಡಿಸಿದರು. ಮೌಲಾಸಾಬ ಅಲ್ಲಿಯೇ ಇದ್ದರೂ ಓದಿ ಹೇಳಲು ಒಪ್ಪಲಿಲ್ಲ. "ನನಗ ಸರಿ ತಿಳಿಲಿಲ್ಲ" ಎಂದು ಎದ್ದು ಹೊರಗೆ ಹೋಗಿ ದನ ನೋಡುತ್ತಾ ನಿಂತರು. ಓದಿ ಹೇಳಿದ್ದು ಚನ್ನವ್ವ:

"'ಇಷ್ಟ ವರ್ಷ ನಾ ಮಂದಿ ಸಲುವಾಗಿ ಒದರೇನಿ. ಮಂದಿ ಇಳದ ಹೋದ್ರು, ದನಿ ಗಾಳಿಗೆ ಹೋತು ಅಂತ ತಿಳದಿದ್ದೆ. ಒಬ್ಬಾಂವ ಎಲ್ಲಾ ಕೇಳಿ ಕೂಡಿಸಿ ಇಟ್ಟಾನ ಅಂತ ನನಗ ಗೊತ್ತ ಇರಲಿಲ್ಲ' ಅಂತಾರ್ರಿ."

ಒಂದು ತಿಂಗಳು ಮುಗಿಯಿತು. ಕೆಂಚವ್ವನದನ್ನು ಬಿಟ್ಟರೆ ಬೇರೆ ದೂರು ಬಂದಿರಲಿಲ್ಲ. ಇಬ್ಬರೂ ಮತ್ತೆ ಮ್ಯಾನೇಜರರ ಕೋಣೆಯಲ್ಲಿ ನಿಂತರು.

ಮ್ಯಾನೇಜರ್ ಒಪ್ಪಿಗೆ ಕೊಡಲು ಸಿದ್ಧರಿದ್ದರು. ಆದರೆ ಈ ಕೆಲಸ ಬೇರೆ ಯಾವ ಡ್ರೈವರ್ ಜೊತೆಯೂ ಆಗುವುದಿಲ್ಲ, ಹಾಗಾಗಿ ಅಪ್ಪಣೆ ಇವರಿಬ್ಬರ ಜೋಡಿಗೆ ಮಾತ್ರ, ಈ ದಾರಿಗೆ ಮಾತ್ರ ಎಂದರು. ಆಮೇಲೆ ಎದ್ದು ನಿಂತು ಮೌಲಾಸಾಬರ ಕಡೆ ತಿರುಗಿದರು.

"ಅಂದ್ರ ನಿಮ್ಮ ಕಿತ್ತೂರ ಗಾಡಿ ಹೋತು. ಗೊತ್ತೈತಲ್ಲ?"

ಸತ್ಯಪ್ಪನವರಿಗೆ ಗೊತ್ತಿರಲಿಲ್ಲ. ಕಿತ್ತೂರಿನಿಂದ ಬೆಳಗಾವಿಗೆ ಹೋಗಿಬರುವ ಗಾಡಿಯೊಂದು ಹಿರಿತನದ ಮೇಲೆ ಸಿಗುತ್ತದೆ. ಬೆಳಿಗ್ಗೆ ಮನೆಯಿಂದ ಹೊರಟು ಸಂಜೆ ಮನೆಯ ಊಟಕ್ಕೆ ಮರಳುವ ಕೆಲಸ. ಬೈಲಹೊಂಗಲದ ಬಾಡಿಗೆ ಖೋಲಿಯಲ್ಲಿ ಒಬ್ಬರೇ ಅಡುಗೆ ಮಾಡಿಕೊಂಡು ಮೌಲಾಸಾಬ ಆ ಸರದಿಗಾಗಿ ವರ್ಷಗಟ್ಟಲೆ ಕಾದಿದ್ದರು. ಸತ್ಯಪ್ಪ ಆಸ್ಪತ್ರೆಯಲ್ಲಿದ್ದಾಗಲೇ ಸರದಿ ಬಂದಿತ್ತು. ಮೌಲಾಸಾಬ ಅದನ್ನು ಮುಂದೂಡುತ್ತಾ ಬಂದಿದ್ದರು. ಈಗ ಬಿಟ್ಟರೆ ಅದು ಮತ್ತೆ ಬರುವುದಿಲ್ಲ.

ಸತ್ಯಪ್ಪ ಮೌಲಾಸಾಬರ ತೋಳು ಹಿಡಿದು ತಮ್ಮ ಕಡೆ ತಿರುಗಿಸಿಕೊಂಡರು. ತುಟಿ ಬಿರುಸಾಗಿ ಆಡಿತು. ಮ್ಯಾನೇಜರರ ಕಡೆ ತಿರುಗಿ ಮತ್ತೆ ಆಡಿತು. ಕೈ ಬೀಸಿದರು, ಕೋಣೆಯ ಮೂಲೆಯಲ್ಲಿದ್ದ ಖಾಲಿ ಖುರ್ಚಿಯನ್ನು ತೋರಿಸಿದರು, ಎದೆ ಮುಟ್ಟಿಕೊಂಡರು, ಮೇಜನ್ನು ಗುದ್ದಿದರು.

"ಏನಂತಾರ?" ಎಂದು ಮ್ಯಾನೇಜರ್ ಕೇಳಿದರು.

ಮೌಲಾಸಾಬ ಗೋಡೆ ನೋಡುತ್ತಾ ಹೇಳಿದರು: "ಹೂಂ ಅಂತಾರ್ರಿ. ಒಪ್ಪಿಗಿ ಐತಂತ."

"ಟೇಬಲ್ ಗುದ್ದಿ ಒಪ್ಪತಾರೇನು?"

"ಅವರು ಮೊದಲಿಂದ ಹಂಗ್ರಿ. ಖುಷಿ ಆದ್ರ ಗುದ್ದತಾರ."

"ಆ ಖುರ್ಚಿ ಯಾಕ ತೋರಿಸಿದ್ರು?"

"ಸಾಹೇಬ್ರಿಗೆ ಕುಂದ್ರಾಕ ಹೇಳ್ರಿ, ನಿಂತ್ಕೊಂಡ ಸಹಿ ಮಾಡೂದು ಬ್ಯಾಡ, ಅಂತಾರ್ರಿ."

ಸತ್ಯಪ್ಪ ಎರಡೂ ಕೈ ಮೇಲೆತ್ತಿ ನಿಂತರು. ಅವರ ಪರವಾಗಿ ಮಾತಾಡಬಲ್ಲವರು ಆ ಕೋಣೆಯಲ್ಲಿ ಒಬ್ಬರೇ ಇದ್ದರು, ಆ ಒಬ್ಬರು ಅವರ ಮಾತು ಹೇಳುತ್ತಿರಲಿಲ್ಲ. ಮ್ಯಾನೇಜರ್ ಕೂತು ಸಹಿ ಹಾಕಿದರು.

ಆಗ ಮ್ಯಾನೇಜರರಿಗೆ ನಿಜವಾಗಿ ತಿಳಿಯಲಿಲ್ಲವೇ? ಮ್ಯಾನೇಜರ್ ಈಗ ಬೇರೆ ಊರಿನಲ್ಲಿದ್ದಾರೆ. ಫೋನಿನಲ್ಲಿ ಕೇಳಿದಾಗ ಹೇಳಿದರು: "'ಬ್ಯಾಡ' ಅನ್ನೂದು ತುಟಿ ಮ್ಯಾಲ ಎಂಥಾವನಿಗೂ ತಿಳಿತೈತ್ರಿ. ಒಬ್ರು ಬ್ಯಾಡ ಅಂದ್ರು, ಒಬ್ರು ಹೂಂ ಅಂದ್ರು. ಇಬ್ರೂ ಇನ್ನೊಬ್ಬರ ಸಲುವಾಗಿ ಅಂದ್ರು. ನಾ ಏನ್ ಮಾಡ್ಲಿ? ಯಾರ ದನಿ ಕೇಳಸ್ತೋ ಅದನ್ನ ಬರಕೊಂಡೆ."

ಹೊರಗೆ ಬಂದ ಮೇಲೆ ಸತ್ಯಪ್ಪ ಮೂರ್ನಾಲ್ಕು ದಿನ ಕನ್ನಡಿಯ ಕಡೆ ನೋಡಲಿಲ್ಲ. ಕೆಲಸ ತಪ್ಪಲಿಲ್ಲ, ಚೀಟಿ ಹರಿದರು, ಕಂಬಿ ಬಡಿದರು. ಆದರೆ ತುಟಿ ಬಿಚ್ಚಲಿಲ್ಲ. ರಾಮದುರ್ಗದಲ್ಲಿ ಊಟದ ಡಬ್ಬಿಯನ್ನು ದೂರ ಹಿಡಿದು ಕೂತರು. ಜಟ್ಟೆಪ್ಪ ಚಹ ಕೊಡುತ್ತಾ, "ಏನ್ ಸಾಹೇಬ್ರ, ಸತ್ಯಪ್ಪಣ್ಣ ನಿಮ್ಮ ಜೋಡಿ ಮಾತ ಬಿಟ್ಟಾರೇನು?" ಎಂದು ಕೇಳಿದ. "ಹೌದು," ಎಂದರು ಮೌಲಾಸಾಬ, "ಭಾಳ ಜೋರಾಗಿ ಬಿಟ್ಟಾರ." ಸತ್ಯಪ್ಪನವರ ಬಾಯಲ್ಲಿದ್ದ ಚಹ ನೆಲಕ್ಕೆ ಚೆಲ್ಲಿತು. ನಗುವಾಗ ಅವರ ಭುಜಗಳು ಕುಣಿಯುತ್ತವೆ, ಸದ್ದು ಬರುವುದಿಲ್ಲ. ಡಬ್ಬಿ ಮತ್ತೆ ನಡುವಿಗೆ ಬಂತು.

ಕಿತ್ತೂರಿನಲ್ಲಿ ಹಾಜಿರಾಬಿ ಇನ್ನೂ ಮಲ್ಮಲ್ ಪಟ್ಟಿಗಳನ್ನು ಹೊಲಿಯುತ್ತಾರೆ. ಗಂಡ ಕಿತ್ತೂರಿನ ಗಾಡಿ ಬಿಟ್ಟದ್ದಕ್ಕೆ ಬೇಸರವಾಗಲಿಲ್ಲವೇ ಎಂದರೆ ಹೊಲಿಗೆ ಯಂತ್ರದಿಂದ ತಲೆ ಎತ್ತದೆಯೇ ಹೇಳಿದರು: "ಆತಲ್ಲರಿ, ಆಗದ ಏನ? ನನ್ನ ಕೇಳಿದ್ರು. ಮಾಡಿ ಬಂದ ಮ್ಯಾಲ ಕೇಳಿದ್ರು. ಒಂದು ವಾರ ನಾನೂ ಮಾತ ಬಿಟ್ಟೆ. ಮೊದಲ ಮಾತಾಡದವರಿಗೆ ಅದು ಗೊತ್ತಾಗಬೇಕಲ್ರಿ."

ಸತ್ಯಪ್ಪನವರಿಗೆ ಈಗ ಆರು ತಿಂಗಳಿಗೊಮ್ಮೆ ತಪಾಸಣೆ. ಇದುವರೆಗೆ ಏನೂ ಮರುಕಳಿಸಿಲ್ಲ. ಅಪ್ಪಣೆ ಜೋಡಿಗೆ ಇರುವುದರಿಂದ ಒಬ್ಬರಿಗೆ ರಜೆ ಎಂದರೆ ಇಬ್ಬರಿಗೂ ರಜೆ. ಆ ದಿನ ಸತ್ಯಪ್ಪ ಸಂಗೊಳ್ಳಿಯಿಂದ ಬೈಲಹೊಂಗಲಕ್ಕೆ ಬಂದು ಮೌಲಾಸಾಬರನ್ನು ಕರೆದುಕೊಂಡು ಕಿತ್ತೂರಿಗೆ ಹೋಗುತ್ತಾರೆ. ತಾವು ಟಿಕೆಟ್ ತೆಗೆದು, ಅವರನ್ನು ಕಿಟಕಿ ಪಕ್ಕ ಕೂರಿಸುತ್ತಾರೆ. ಮನೆಯ ತನಕ ಬಿಟ್ಟು ಬಂದರೇನೇ ಅವರಿಗೆ ಸಮಾಧಾನ. ಹಾಜಿರಾಬಿ ಊಟಕ್ಕೆ ನಿಲ್ಲಿಸಿಕೊಳ್ಳುತ್ತಾರೆ.

"ಒಬ್ಬರಿಗೆ ಮಾತ ಬರೂದಿಲ್ಲ. ಇನ್ನೊಬ್ಬರು ವಾರ ಪೂರ್ತಿ ಒದರಿ ಗಂಟ್ಲ ಕಟ್ಟಿಸಿಕೊಂಡು ಬಂದಿರತಾರ," ಎನ್ನುತ್ತಾರೆ ಆಕೆ. "ಪಡಸಾಲ್ಯಾಗ ಇಬ್ಬರೂ ಕುಂದರತಾರ. ಸಪ್ಪಳ ಇಲ್ಲ ಅಂತ ನಾ ಹೋಗಿ ನೋಡತೇನಿ, ನಿದ್ದಿ ಹತ್ತೇತೇನೋ ಅಂತ. ಇಲ್ರಿ. ಎಚ್ಚರ ಇರತಾರ. ಒಬ್ಬರು ತುಟಿ ಆಡಸ್ತಾರ, ಒಬ್ಬರು ಗೋಣ ಹಾಕತಾರ. ಸಂಜಿಮಟಾ ಹಂಗ. ಏನ್ ಅಷ್ಟು ಮಾತಾಡತಾರ ಅಂತ ಕೇಳಿದ್ರ ಇವರು ಅಂತಾರ, ಏನಿಲ್ಲ, ಸುಮ್ನ ಕುಂತಿದ್ವಿ."